ಹಾಯಿಹಡಗುಗಳ ಬೆನ್ನು ಹತ್ತಿದ ಛಾಯಾಗ್ರಾಹಕ

ಮುಂಬಯಿಯಲ್ಲಿ ಮನೆಮಾಡಿಕೊಂಡಿರುವ ಕರಾವಳಿಯ ಕನ್ನಡಿಗರಲ್ಲಿ ಅನೇಕರ ಹಿರಿಯರು ಈ ಪಟ್ಟಣಕ್ಕೆ ಬಂದುದು ಕಡಲ ಮೇಲೆ. ಘಟ್ಟದ ದಾರಿಗಳು ದುರ್ಗಮವಾಗಿದ್ದ, ಕೊಂಕಣ ರೈಲಿನ ಹೆಸರನ್ನೇ ಯಾರೂ ಕೇಳದಿದ್ದ ಆ ದಿನಗಳಲ್ಲಿ ಮಂಗಳೂರಿನಿಂದಲೋ ಕಾರವಾರದಿಂದಲೋ ಸ್ಟೀಮರನ್ನೇರಿ, ಹಾಸಿಗೆಯ ಸುರುಳಿಯನ್ನೂ ಅವಲಕ್ಕಿಯ ಗಂಟನ್ನೂ ಮಗ್ಗುಲಲ್ಲಿಟ್ಟುಕೊಂಡು ಅವರು ಇಲ್ಲಿಗೆ ಬಂದಿಳಿದರು. ಆ ಸ್ಟೀಮರುಗಳ ಪಕ್ಕದಲ್ಲಿಯೇ ಪತ್ತೇಮಾರಿ, ಮಚವೆ, ಮಂಜಿಗಳೆಂಬ ಮರದ ಹಾಯಿಹಡಗುಗಳು ಹಂಚು, ಅಕ್ಕಿ, ತೆಂಗಿನ ನಾರು, ಮರಮಟ್ಟುಗಳನ್ನು ಹೇರಿಕೊಂಡು ಓಡಾಡುತ್ತಿದ್ದವು. ಅರಬ್ಬರ ದೊಡ್ಡ ಹಡಗುಗಳೂ ಖರ್ಜೂರವನ್ನು ತಂದು ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಲಂಗರು ಹಾಕುತ್ತಿದ್ದವು. ಅವುಗಳನ್ನು ಕಂಡವರು ಲಕ್ಷಾಂತರ ಮಂದಿ. ಆದರೆ ಕಂಡದ್ದನ್ನು ಬರೆದಿಟ್ಟವರೆಷ್ಟು, ಚಿತ್ರ ತೆಗೆದಿಟ್ಟವರೆಷ್ಟು ಎಂದು ಲೆಕ್ಕ ಹಾಕಹೊರಟರೆ ಬೆರಳುಗಳು ಹೆಚ್ಚಾಗುತ್ತವೆ. ನಿತ್ಯ ಕಣ್ಣಿಗೆ ಬೀಳುವ ವಸ್ತು ಒಂದು ದಿನ ಕಾಣದಾದೀತೆಂದು ಯಾರು ತಾನೆ ಎಣಿಸುತ್ತಾರೆ?

ಹೀಗೆ ಎಣಿಸಿದವನೊಬ್ಬನಿದ್ದನು. ಅವನ ಹೆಸರು ಆಲನ್ ವಿಲಿಯರ್ಸ್. ಹುಟ್ಟಿದ್ದು 1903ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ಪಟ್ಟಣದಲ್ಲಿ. ತೀರಿಕೊಂಡುದು 1982ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಈ ಎರಡು ಇಸವಿಗಳ ನಡುವೆ ಅವನು ಮಾಡಿದ ಕೆಲಸಗಳು ಹಲವಾದರೂ ಹುಚ್ಚು ಒಂದೇ. ಹಳೆಯ ಹಡಗುಗಳನ್ನು ಮೆಚ್ಚುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಯುರೋಪಿನ ಶ್ರೀಮಂತರು ಅಜ್ಜನ ಕಾಲದ ಮರದ ವಿಹಾರನೌಕೆಗಳನ್ನು ಕೊಂಡು, ಹಲಗೆ ಬದಲಿಸಿ, ಮೆರುಗೆಣ್ಣೆ ಬಳಿಸಿ, ಬೇಸಗೆಯ ರಜದಲ್ಲಿ ಪಂದ್ಯವಾಡುತ್ತಾರೆ. ಅದು ಒಳ್ಳೆಯ ಹವ್ಯಾಸವೇ. ಆದರೆ ವಿಲಿಯರ್ಸನ ಬಾಳನ್ನು ನೋಡಿದರೆ, ಹಡಗನ್ನು ಉಳಿಸಬೇಕಾದರೆ ಮೊದಲು ಅದನ್ನು ನಡೆಸಬಲ್ಲ ಕೈಗಳನ್ನು ಉಳಿಸಬೇಕು ಎಂಬ ವಿಚಾರ ಅವನಲ್ಲಿ ಬೇರೂರಿತ್ತೆಂದು ತೋರುತ್ತದೆ. ಅದಕ್ಕಾಗಿಯೇ ಅವನು ದಡದಲ್ಲಿ ನಿಂತು ಚಿತ್ರ ತೆಗೆಯಲಿಲ್ಲ.

ಅವನ ತಂದೆ ಟ್ರಾಮ್ ನೌಕರರ ಸಂಘದ ಮುಂದಾಳು, ಕವಿ. ಮನೆಯಲ್ಲಿ ಹಣವಿರಲಿಲ್ಲ. ಹುಡುಗನು ಹದಿನೈದು ತುಂಬಿದ ಮೇಲೆ ರಾತ್ಸೇ ಬೇ ಎಂಬ ಹಾಯಿಹಡಗಿನಲ್ಲಿ ಉಮೇದುವಾರನಾಗಿ ಸೇರಿದನು. ಆಗಲೇ ಉಗಿಹಡಗುಗಳು ಸಮುದ್ರವನ್ನೆಲ್ಲ ಆಕ್ರಮಿಸಿದ್ದವು. ಹಾಯಿಯ ಹಡಗುಗಳೆಂದರೆ ಮುದಿ ಎತ್ತುಗಳಂತೆ, ಮೇವು ಕಡಿಮೆ ಹಾಕಿ ಕೊನೆಯ ಉಳುಮೆ ಮಾಡಿಸಿಕೊಳ್ಳುವ ಜೀವಗಳು. ರಾತ್ಸೇ ಬೇಯ ತರುವಾಯ ಜೇಮ್ಸ್ ಕ್ರೇಗ್, ಅದರ ತರುವಾಯ ಲಾಹಿಲ್. ಲಾಹಿಲ್ ಹಡಗಿನಲ್ಲಿ ಮೇಲಿನಿಂದ ಬಿದ್ದು ಮೈ ಜಖಂ ಮಾಡಿಕೊಂಡು ಅವನು ದಡ ಸೇರಬೇಕಾಯಿತು. ಟಾಸ್ಮೇನಿಯದ ಹೋಬಾರ್ಟ್ ಊರಿನ ವೃತ್ತಪತ್ರಿಕೆಯೊಂದರಲ್ಲಿ ವರದಿಗಾರನಾದನು. ಮೂಳೆ ಕೂಡಿತು, ಹಂಬಲ ಆರಲಿಲ್ಲ. 1923ರಲ್ಲಿ ನಾರ್ವೆಯ ಲಾರ್ಸೆನ್ ಎಂಬ ನಾವಿಕನು ತಿಮಿಂಗಿಲ ಬೇಟೆಗೆ ದಕ್ಷಿಣ ಧ್ರುವದ ರಾಸ್ ಸಮುದ್ರಕ್ಕೆ ಹೊರಟು ಹೋಬಾರ್ಟಿಗೆ ಬಂದಾಗ, ವಿಲಿಯರ್ಸನೂ ಕೂಲಿಯಾಳಾಗಿ ಹಡಗು ಹತ್ತಿದನು. ಅಲ್ಲಿಂದ ಕಳಿಸಿದ ಬರಹಗಳು ಅವನಿಗೆ ಹೆಸರು ತಂದವು. ಬರೆದು ಬದುಕಬಹುದು, ಬದುಕಿ ಮತ್ತೆ ಕಡಲಿಗೆ ಹೋಗಬಹುದು ಎಂಬ ದಾರಿ ಅವನಿಗೆ ಕಂಡುದು ಹೀಗೆ.

ಆ ಕಾಲದಲ್ಲಿ ಉಳಿದಿದ್ದ ದೊಡ್ಡ ಹಾಯಿಹಡಗುಗಳಿಗೆ ಒಂದೇ ಒಂದು ಲಾಭದ ಕಸುಬಿತ್ತು: ದಕ್ಷಿಣ ಆಸ್ಟ್ರೇಲಿಯದ ಗೋಧಿಯನ್ನು ತುಂಬಿಕೊಂಡು, ಕೇಪ್ ಹಾರ್ನ್ ಭೂಶಿರವನ್ನು ಸುತ್ತಿ ಯುರೋಪಿಗೆ ಒಯ್ಯುವುದು. ಗೋಧಿಗೆ ಅವಸರವಿಲ್ಲ, ಗಾಳಿಗೆ ಬೆಲೆಯಿಲ್ಲ. ಆದ್ದರಿಂದ ಕಲ್ಲಿದ್ದಲು ಸುಡುವ ಹಡಗಿಗಿಂತ ಇದು ಅಗ್ಗ. ಯಾವ ಹಡಗು ಮೊದಲು ಮುಟ್ಟೀತೆಂಬ ಸ್ಪರ್ಧೆಯೂ ಇತ್ತು. ವಿಲಿಯರ್ಸನು 1928ರಲ್ಲಿ ಹೆರ್ಜೋಗಿನ್ ಸೆಸಿಲಿ ಎಂಬ ನಾಲ್ಕು ಕೂವೆಯ ಹಡಗಿನಲ್ಲಿ ಇಂತಹದೊಂದು ಸ್ಪರ್ಧೆಯಲ್ಲಿ ಪಾಲುಗೊಂಡು ಪುಸ್ತಕ ಬರೆದನು. ಆದರೆ ಪುಸ್ತಕ ಸಾಲದೆಂದು ಅವನಿಗೆ ಅನಿಸಿತು. ಗಾಳಿಯಲ್ಲಿ ಹರಿದುಹೋಗುವ ಹಾಯಿಯನ್ನು ಐವತ್ತು ಮೊಳ ಎತ್ತರದಲ್ಲಿ ಹಿಡಿದು ಮಡಿಸುವ ಕೆಲಸವನ್ನು ಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ನಂಬಿದರೂ ಅದು ಹೇಗೆಂಬುದು ತಿಳಿಯಬೇಡವೆ?

ಆದುದರಿಂದ 1929ರಲ್ಲಿ ಅವನೂ ರೊನಾಲ್ಡ್ ವಾಕರ್ ಎಂಬ ಅವನ ಗೆಳೆಯನೂ—ಇವನೂ ಪತ್ರಿಕೆಯವನೇ—ಚಲನಚಿತ್ರದ ಕ್ಯಾಮೆರಾ ಕೊಂಡು ಗ್ರೇಸ್ ಹಾರ್ವರ್ ಎಂಬ ಹಳೆಯ ಹಡಗಿನಲ್ಲಿ ನಾವಿಕರಾಗಿ ಸೇರಿದರು. ಈ ಹಡಗು ಹಿಂದೆ ಹಲವರನ್ನು ಬಲಿ ತೆಗೆದುಕೊಂಡ ಅಪಕೀರ್ತಿಯುಳ್ಳದ್ದು. ಛಾಯಾಗ್ರಾಹಕರೆಂದು ಅವರಿಗೆ ಯಾವ ವಿನಾಯಿತಿಯೂ ಇರಲಿಲ್ಲ. ಪಾಳಿಯ ದುಡಿಮೆ ಮುಗಿಸಿ, ನಿದ್ದೆಯ ಹೊತ್ತಿನಲ್ಲಿ ಚಿತ್ರ ತೆಗೆಯಬೇಕು. ಕೂವೆಯ ಮೇಲೆ ಹತ್ತಿದ ನಾವಿಕನು ಒಂದು ಕೈಯನ್ನು ಹಡಗಿಗೂ ಮತ್ತೊಂದನ್ನು ತನ್ನ ಪ್ರಾಣಕ್ಕೂ ಮೀಸಲಿಡಬೇಕೆಂಬುದು ಹಾಯಿಗಾರರಲ್ಲಿ ರೂಢಿಯ ಮಾತು. ಕ್ಯಾಮೆರಾ ಹಿಡಿಯುವವನಿಗೆ ಮೂರನೆಯ ಕೈಯನ್ನು ದೇವರೇ ಕೊಡಬೇಕು. ಪ್ರಯಾಣದ ನಡುವೆ ಒಂದು ದಿನ ಮೇಲಿನ ಅಡ್ಡಮರವೊಂದು ಕಳಚಿ ಬಿದ್ದು ವಾಕರನು ಸತ್ತನು. ಅವನ ದೇಹವನ್ನು ಕಡಲಿಗೆ ಒಪ್ಪಿಸಿದರು. ಹಡಗು ಸೋರತೊಡಗಿತು, ಆಹಾರ ಮುಗಿಯುತ್ತ ಬಂದಿತು. 138 ದಿನಗಳ ಮೇಲೆ ಅದು ಐರ್ಲೆಂಡಿನ ದಡ ಸೇರಿದಾಗ ವಿಲಿಯರ್ಸನ ಕೈಯಲ್ಲಿದ್ದುದು ಫಿಲ್ಮಿನ ಸುರುಳಿಗಳು ಮತ್ತು ಗೆಳೆಯನ ಸಾವಿನ ಭಾರ. ಆ ಸುರುಳಿಗಳಿಗೆ ಒಂದು ಕತೆಯನ್ನು ಹೆಣೆದು ಸೇರಿಸಿ 1930ರಲ್ಲಿ ಚಲನಚಿತ್ರವಾಗಿ ತೋರಿಸಿದರು. ಕತೆಯ ಮಾತು ಹಾಗಿರಲಿ. ನಡುವೆ ಬರುವ ನಿಜವಾದ ಕಡಲು, ನಿಜವಾದ ಹಾಯಿ, ನಿಜವಾದ ನಾವಿಕರು ಇವು ಮತ್ತೆ ಹುಟ್ಟಿಸಲಾಗದ ವಸ್ತುಗಳು.

ಮನುಷ್ಯನ ಪ್ರಾಣವನ್ನು ತೆತ್ತು ಪಡೆದ ಚಿತ್ರಗಳಿಗೆ ಆ ಬೆಲೆಯುಂಟೆ ಎಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಾಕರನು ಸತ್ತುದು ಚಿತ್ರ ತೆಗೆಯುವಾಗ ಅಲ್ಲ, ನಾವಿಕನ ಕೆಲಸ ಮಾಡುವಾಗ. ಹೆಸರಿಲ್ಲದ ಎಷ್ಟೋ ಹುಡುಗರು ಹೀಗೆಯೇ ಸತ್ತಿದ್ದರು, ಅವರ ಹೆಸರನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಹಾಯಿಯ ಯುಗವನ್ನು ಸ್ವರ್ಗವೆಂದು ಬಣ್ಣಿಸುವವರು ಈ ಒಂದು ಪ್ರಯಾಣದ ವೃತ್ತಾಂತವನ್ನು ಓದುವುದು ಒಳಿತು.

ಇದಾದ ಮೇಲೆ ಅವನು ಪಾರ್ಮಾ ಎಂಬ ಹಡಗಿನಲ್ಲಿ ಪಾಲುದಾರನಾದನು. ಆ ಹಡಗು 1933ರಲ್ಲಿ 83 ದಿನಗಳಲ್ಲಿ ಗೋಧಿಯನ್ನು ಮುಟ್ಟಿಸಿ ಸ್ಪರ್ಧೆ ಗೆದ್ದಿತು. ಲಾಭವೂ ಬಂದಿತು. ಬುದ್ಧಿವಂತನಾದವನು ಆ ಹಣದಿಂದ ಮನೆ ಕಟ್ಟುತ್ತಿದ್ದನು. ವಿಲಿಯರ್ಸನು ಹಡಗು ಕೊಂಡನು.

ಡೆನ್ಮಾರ್ಕಿನಲ್ಲಿ ಹುಡುಗರಿಗೆ ನಾವಿಕಶಿಕ್ಷಣ ಕೊಡಲು 1882ರಲ್ಲಿ ಕಟ್ಟಿದ ಗೇಯೋರ್ಗ್ ಸ್ಟಾಗೆ ಎಂಬ ಪುಟ್ಟ ಹಡಗೊಂದಿತ್ತು. ಮೈ ಕಬ್ಬಿಣದ್ದು, ಉದ್ದ ನೂರಡಿಗೆ ತುಸು ಮಿಕ್ಕು, ಆದರೆ ಮೂರು ಕೂವೆಗಳು, ಅವುಗಳ ತುಂಬ ಚೌಕ ಹಾಯಿಗಳು, ದೊಡ್ಡ ಹಡಗಿನ ಸಕಲ ಲಕ್ಷಣಗಳೂ ಅದಕ್ಕಿದ್ದವು. 1905ರಲ್ಲಿ ಉಗಿಹಡಗೊಂದು ಡಿಕ್ಕಿ ಹೊಡೆದು ಇದು ಮುಳುಗಿ 22 ಮಂದಿ ಹುಡುಗರು ಸತ್ತರು. ಮೇಲೆತ್ತಿ ರಿಪೇರಿ ಮಾಡಿ ಮತ್ತೆ ನಡೆಸಿದರು. 1934ರಲ್ಲಿ ಹೊಸ ಹಡಗು ಬಂದುದರಿಂದ ಹಳೆಯದನ್ನು ಗುಜರಿಗೆ ಹಾಕುವುದೆಂದು ಆಯಿತು. ಅದನ್ನೇ ವಿಲಿಯರ್ಸನು ಕೊಂಡು, ಕಡಲ ಕತೆಗಾರನ ನೆನಪಿಗೆ ಜೋಸೆಫ್ ಕಾನ್ರಾಡ್ ಎಂದು ಹೆಸರಿಟ್ಟನು. ಆ ಲೇಖಕನ ಮುಖವನ್ನು ಮರದಲ್ಲಿ ಕೆತ್ತಿ ಹಡಗಿನ ಮೂಗಿನಡಿಯಲ್ಲಿ ನಿಲ್ಲಿಸಿದವನು ಬ್ರೂಸ್ ರಾಜರ್ಸ್ ಎಂಬ ಅಮೆರಿಕದ ಹೆಸರಾಂತ ಗ್ರಂಥವಿನ್ಯಾಸಕಾರ.

1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್ಚಿನಿಂದ ಹಡಗು ಹೊರಟಿತು. ಎಂಜಿನ್ ಇಲ್ಲ. ನಾವಿಕರಲ್ಲಿ ಹೆಚ್ಚಿನವರು ಹುಡುಗರು. ಸರಕು ಹೊರುವ ಹಡಗಲ್ಲವಾದ್ದರಿಂದ ವರಮಾನವೂ ಇಲ್ಲ. ನ್ಯೂಯಾರ್ಕಿನಲ್ಲಿ 1935ರ ಜನವರಿಯ ಮೊದಲಲ್ಲೇ ಬಿರುಗಾಳಿಗೆ ಲಂಗರು ಕಿತ್ತು ಬಂಡೆಗಳ ಮೇಲೆ ಬಿದ್ದಿತು, ದುರಸ್ತಿಗೆ ಸಾಲವಾಯಿತು. ಎಲ್ಲರೂ ಇಲ್ಲಿಗೆ ಮುಗಿಯಿತೆಂದರು. ಹಡಗು ರಿಯೋ, ಕೇಪ್‌ಟೌನ್, ಪೂರ್ವದ ದ್ವೀಪಗಳು, ಸಿಡ್ನಿ, ತಾಹಿತಿ, ಕೇಪ್ ಹಾರ್ನ್ ಎಂದು ಭೂಮಂಡಲವನ್ನೇ ಸುತ್ತಿ, ಸುಮಾರು 57,800 ಮೈಲು ಕ್ರಮಿಸಿ, 1936ರ ಅಕ್ಟೋಬರಿನಲ್ಲಿ ಅದೇ ನ್ಯೂಯಾರ್ಕಿಗೆ ಮರಳಿತು. ಹುಡುಗರು ನಾವಿಕರಾದರು, ಯಜಮಾನನು ದಿವಾಳಿಯಾದನು. ಹಡಗನ್ನು ಅಮೆರಿಕದ ಸಿರಿವಂತನೊಬ್ಬನಿಗೆ ಮಾರದೆ ಗತಿಯಿರಲಿಲ್ಲ. ಕೊಂಡವನು ಮೊದಲು ಮಾಡಿದ ಕೆಲಸಗಳಲ್ಲೊಂದು ಅದಕ್ಕೆ ಎಂಜಿನ್ ಜೋಡಿಸಿದ್ದು!

ಇನ್ನು ನಮ್ಮ ಕಡಲಿಗೆ ಬರೋಣ.

ಪಶ್ಚಿಮದ ಹಾಯಿಹಡಗುಗಳು ಮುಗಿದುವೆಂದು ಕಂಡಾಗ, ಲೋಕದಲ್ಲಿ ಇನ್ನೆಲ್ಲಿಯಾದರೂ ಹಾಯಿಯನ್ನು ನಂಬಿ ಬದುಕುವ ಜನರಿದ್ದಾರೆಯೇ ಎಂದು ವಿಲಿಯರ್ಸನು ಹುಡುಕಿದನು. ಉತ್ತರ ಅರಬ್ಬೀ ಸಮುದ್ರದಲ್ಲಿತ್ತು. 1938ರಲ್ಲಿ ಅವನು ಏಡನ್ನಿಗೆ ಬಂದು, ಮೊದಲು ಸಣ್ಣ ಹಡಗೊಂದರಲ್ಲಿ ಕೆಂಪು ಸಮುದ್ರದ ಒಂದು ಸುತ್ತು ಹಾಕಿ, ಬಳಿಕ ಅಲ್ಲಿ ವ್ಯಾಪಾರ ಮಾಡುತ್ತಿದ್ದ ಕುವೈತಿನ ಅಲ್-ಹಮದ್ ಮನೆತನದವರ ನೆರವಿನಿಂದ ಬಯಾನ್ ಎಂಬ ಹಡಗನ್ನು ಹತ್ತಿದನು. ತನ್ನ ಪುಸ್ತಕದಲ್ಲಿ ಅದನ್ನು ಧರ್ಮದ ವಿಜಯವೆಂಬ ಅರ್ಥದ ಹೆಸರಿನಿಂದ ಕರೆದಿದ್ದಾನೆ. ಅದರ ನಾಖೋದಾ ಅಲಿ ಬಿನ್ ನಾಸಿರ್ ಅಲ್-ನಜ್ದಿ ಎಂಬವನು. ನಾಖೋದಾ ಎಂದರೆ ಹಡಗಿನ ಒಡೆತನವನ್ನೋ ಆಡಳಿತವನ್ನೋ ನಡೆಸುವ ನಾಯಕ. ಈ ಶಬ್ದವನ್ನು ಕರಾವಳಿಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಬಗೆಯ ಹಡಗಿಗೆ ಬೂಮ್ ಎನ್ನುತ್ತಾರೆ. ಮುಂದೆಯೂ ಹಿಂದೆಯೂ ಚೂಪಾದ ಮೈ, ಮುಂದಕ್ಕೆ ನೇರವಾಗಿ ಚಾಚಿದ ಮೂಗು, ಎರಡು ಕೂವೆಗಳು, ಒಂದೊಂದಕ್ಕೂ ಓರೆಯಾಗಿ ತೂಗುಬಿಟ್ಟ ಮೂಲೆಹಾಯಿ. ಹಾಯಿಯನ್ನು ಕಟ್ಟುವ ಅಡ್ಡಮರವು ಒಂದೇ ಮರದಿಂದ ಸಾಲದೆ, ಎರಡು ಮೂರು ಮರಗಳನ್ನು ಜೋಡಿಸಿ ಹಗ್ಗದಿಂದ ಬಿಗಿದುದಾಗಿರುತ್ತದೆ. ಅದನ್ನು ಮೇಲೇರಿಸಲು ಹಡಗಿನ ಜನವೆಲ್ಲ ಒಟ್ಟುಗೂಡಿ ಹಾಡು ಹೇಳುತ್ತ, ಕಾಲು ಅಪ್ಪಳಿಸುತ್ತ ಹಗ್ಗ ಎಳೆಯಬೇಕು. ಗಾಳಿಯ ಮಗ್ಗುಲು ಬದಲಾದರೆ ಹಡಗಿನ ಬೆನ್ನನ್ನು ಗಾಳಿಗೆ ತಿರುಗಿಸಿ, ಆ ಮಹಾ ಮರವನ್ನು ಹಾಯಿಯ ಸಮೇತ ಕೂವೆಯ ಆಚೆಗೆ ಸಾಗಿಸಬೇಕು. ಬಿರುಗಾಳಿಯಲ್ಲಿ ಇದು ಮೈನಡುಗಿಸುವ ಕೆಲಸ. ಮೈಗೆ ಮೀನೆಣ್ಣೆ, ನೀರಿನೊಳಗಿನ ಭಾಗಕ್ಕೆ ಸುಣ್ಣ ಮತ್ತು ಕೊಬ್ಬಿನ ಲೇಪ. ಇವುಗಳ ವಾಸನೆಯ ವಿಷಯವನ್ನು ಇಲ್ಲಿ ವಿಸ್ತರಿಸುವುದು ಬೇಡ.

ಕುವೈತಿನಲ್ಲಿ ಹಡಗು ಕಟ್ಟುವ ಮರ ಬೆಳೆಯುವುದಿಲ್ಲ. ಕುಡಿಯುವ ನೀರನ್ನೇ ಅವರು ಬಸ್ರಾದ ನದಿಯಿಂದ ಹಡಗಿನಲ್ಲಿ ತರಬೇಕಾಗಿತ್ತು. ಬಯಾನಿನಂತಹ ಹಡಗುಗಳ ಹಲಗೆ ಮಲಬಾರಿನ ತೇಗ. ಹಗ್ಗ ನಮ್ಮ ಕಡೆಯ ತೆಂಗಿನ ನಾರಿನದು. ಖರ್ಜೂರವನ್ನು ತುಂಬಿಕೊಂಡು ಕರಾಚಿ, ಮುಂಬಯಿ, ಕಲ್ಲಿಕೋಟೆಗಳಿಗೆ ಬಂದು, ಮರವನ್ನು ಹೇರಿಕೊಂಡು ಹಿಂದಿರುಗುವುದು ಅವರ ಒಂದು ಮಾರ್ಗ. ಆಫ್ರಿಕದ ದಡಕ್ಕೆ ಹೋಗುವುದು ಇನ್ನೊಂದು. ಕುವೈತಿನ ಪೇಟೆಯಲ್ಲಿ ಚಲಾವಣೆಯಾಗುತ್ತಿದ್ದ ನಾಣ್ಯವೂ ನಮ್ಮ ರೂಪಾಯಿ; 1961ರವರೆಗೂ ಅಲ್ಲಿ ರೂಪಾಯಿಯೇ ನಡೆಯುತ್ತಿತ್ತು. ವಿಜಯನಗರದ ಅರಸರಿಗೆ ಭಟ್ಕಳ, ಹೊನ್ನಾವರಗಳ ಮೂಲಕ ಅರಬ್ಬೀ ಕುದುರೆಗಳು ಬರುತ್ತಿದ್ದುದು ಈ ಕಡಲಿನ ಮೇಲೆಯೇ, ಇದೇ ಗಾಳಿಯನ್ನು ನಂಬಿ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕೆಂಪು ಹಂಚುಗಳೂ ಈ ಕಡಲನ್ನು ದಾಟಿ ಪೂರ್ವ ಆಫ್ರಿಕದ ಮನೆಗಳ ಮೇಲೇರಿದವು. ಆದುದರಿಂದ ವಿಲಿಯರ್ಸನು ಬರೆದುದು ಅರಬ್ಬರ ಕತೆಯಾದರೂ ಅದರ ಹಲಗೆಗಳಲ್ಲಿ ನಮ್ಮ ಘಟ್ಟದ ಕಾಡಿನ ಕಂಪು ಇದೆ.

ಗಾಳಿಯ ಪಂಚಾಂಗ ನಮ್ಮವರಿಗೆ ಗೊತ್ತಿದ್ದದ್ದೇ. ಕಾರ್ತಿಕದಿಂದ ಈಶಾನ್ಯದ ಗಾಳಿ ಬೀಸುತ್ತದೆ. ಅದನ್ನು ಹಿಡಿದು ಹಡಗುಗಳು ಅರೇಬಿಯದಿಂದ ತೆಂಕಣ ಆಫ್ರಿಕದ ಕಡೆಗೆ ಇಳಿಯುತ್ತವೆ. ವಸಂತದ ಕೊನೆಗೆ ಗಾಳಿ ತಿರುಗುತ್ತದೆ. ಅದು ಉಗ್ರವಾಗುವ ಮೊದಲೇ ನೈರುತ್ಯದ ಬೀಸಿನೊಡನೆ ಊರಿಗೆ ಮರಳಬೇಕು. 1938ರ ಡಿಸೆಂಬರಿನಲ್ಲಿ ಬಯಾನ್ ಏಡನ್ನಿನಿಂದ ಹೊರಟು ಮುಕಲ್ಲಾ, ಶಿಹರ್‌ಗಳಲ್ಲಿ ನಿಂತು, ನೂರಕ್ಕೂ ಮಿಕ್ಕಿದ ಬಡ ಪ್ರಯಾಣಿಕರನ್ನು ತುಂಬಿಕೊಂಡು, ಮೊಗದಿಶು, ಲಾಮು, ಮೊಂಬಾಸಾ, ಜಾಂಜಿಬಾರುಗಳಿಗೆ ಹೋಯಿತು. ರುಫಿಜಿ ನದಿಯ ಮುಖಜ ಭೂಮಿಯಲ್ಲಿ ನಾವಿಕರು ಕೆಸರಿನಲ್ಲಿ ನಿಂತು ಕಾಂಡ್ಲದ ಗಳುಗಳನ್ನು ಕಡಿದು ತುಂಬಿದರು. ಮರವಿಲ್ಲದ ಅರಬ್ಬರ ನಾಡಿನಲ್ಲಿ ಮನೆಯ ಮಾಡಿಗೆ ಅವೇ ತೊಲೆಗಳು. ವಿಲಿಯರ್ಸನಿಗೆ ಹಡಗಿನ ಹಿಂಭಾಗದಲ್ಲಿ ಮಲಗಲು ಒಂದಿಷ್ಟು ಹಲಗೆಯ ಜಾಗ ದೊರಕಿತ್ತು. ಎಲ್ಲರೊಡನೆ ಒಂದೇ ತಟ್ಟೆಗೆ ಕೈಹಾಕಿ ಅನ್ನ ಮೀನು ತಿಂದನು. ಕೆಲವು ವಾರಗಳ ಮಟ್ಟಿಗೆ ಬಂದ ಅತಿಥಿಯಾಗಿ ಉಳಿಯದೆ, 1939ರಲ್ಲಿ ಕುವೈತಿನವರೆಗೂ ಅವರೊಡನೆ ಹೋಗಿ, ಮುತ್ತು ತೆಗೆಯುವ ಹಡಗುಗಳನ್ನೂ ನೋಡಿದನು.

ಅಲ್ಲಿ ತೆಗೆದ ಚಿತ್ರಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಹಾಯಿಯ ನೆರಳಿನಲ್ಲಿ ನಮಾಜಿಗೆ ಬಾಗಿದ ಸಾಲು. ಅಡ್ಡಮರದ ತುದಿಯಲ್ಲಿ ಬರಿಗಾಲಿನಲ್ಲಿ ಕುಳಿತ ಖಲಾಸಿ. ಬಾಚಿಯಿಂದ ಹಲಗೆ ಸವರುತ್ತಿರುವ ಬಡಗಿ. ಬರಿಯ ಸೊಬಗಿಗಾಗಿ ತೆಗೆದ ಚಿತ್ರಗಳಲ್ಲ ಇವು. ಯಾವ ಹಗ್ಗ ಎಲ್ಲಿ ಕಟ್ಟಿದೆ, ಯಾವ ಕೈ ಎಲ್ಲಿ ಹಿಡಿದಿದೆ ಎಂಬುದು ತಿಳಿಯುವಂತೆ ತೆಗೆದವು. ಸ್ವತಃ ಹಗ್ಗ ಎಳೆದವನ ಕಣ್ಣು ಬೇರೆ. ಹೋಟೆಲಿನ ಮಹಡಿಯಿಂದ ಬಂದರನ್ನು ನೋಡುವವನ ಕಣ್ಣು ಬೇರೆ.

ಅವನು ಸೊಬಗನ್ನಷ್ಟೇ ಕಂಡನೆನ್ನುವಂತಿಲ್ಲ. ನಾವಿಕರಿಗೆ ಸಂಬಳವಿರಲಿಲ್ಲ, ಲಾಭದಲ್ಲಿ ಪಾಲು. ಪಾಲು ಬರುವ ಮೊದಲೇ ಮನೆಯ ಖರ್ಚಿಗೆ ಮುಂಗಡ. ನಾವಿಕನು ನಾಖೋದನಿಗೆ ಸಾಲಗಾರ, ನಾಖೋದನು ವ್ಯಾಪಾರಿಗೆ ಸಾಲಗಾರ. ಮುತ್ತಿನ ಮುಳುಗಾಳುಗಳ ಪಾಡಂತೂ ಹೇಳತೀರದು. ಉಸಿರು ಕಟ್ಟಿ ಕಡಲ ತಳಕ್ಕೆ ದಿನವೆಲ್ಲ ಇಳಿದೇರುತ್ತ, ಕಿವಿ ಕಣ್ಣು ಕೆಡಿಸಿಕೊಂಡು, ಸಾಲ ತೀರಿಸದೆ ಸಾಯುವವರು. ಇದನ್ನೆಲ್ಲ ಅವನು ಮುಚ್ಚಿಡದೆ ಬರೆದನು. ಆದರೂ ಈ ಜನರು ಯಂತ್ರದ ನಾಗರಿಕತೆಯಿಂದ ದೂರವೇ ಉಳಿದಾರೆಂಬ ಒಂದು ಆಸೆ ಅವನ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಸಾಲದಲ್ಲಿ ಮುಳುಗಿದವನಿಗೆ ಅಂತಹ ಆಸೆ ಇರುವುದಿಲ್ಲ. ಅದು ಟಿಕೆಟಿಗೆ ದುಡ್ಡಿರುವವನ ಆಸೆ ಎಂದೇ ನಮ್ಮ ಅಭಿಪ್ರಾಯ. ಅವನು ಏಡನ್ನಿಗೆ ಬಂದ 1938ರಲ್ಲಿಯೇ ಕುವೈತಿನ ಬುರ್ಗಾನಿನಲ್ಲಿ ನೆಲದಡಿಯ ಎಣ್ಣೆ ಸಿಕ್ಕಿತ್ತು. 1946ರಲ್ಲಿ ಅದರ ರಫ್ತು ಮೊದಲಾಯಿತು. ನಾವಿಕರ ಮಕ್ಕಳು ಎಣ್ಣೆಯ ಕಂಪನಿಗೆ ಸೇರಿದರು, ಅವರನ್ನು ತಪ್ಪೆನ್ನುವವರಾರು? ಬೂಮುಗಳು ಒಂದೊಂದಾಗಿ ಹಾಯಿ ಇಳಿಸಿದವು. ವಿಲಿಯರ್ಸನ ಪುಸ್ತಕವಾದರೋ 1940ರಲ್ಲಿ, ಲೋಕವೆಲ್ಲ ಯುದ್ಧದ ಬೆಂಕಿಯಲ್ಲಿದ್ದಾಗ ಹೊರಬಂದಿತು.

ಯುದ್ಧದಲ್ಲಿ ಅವನೂ ಬ್ರಿಟಿಷ್ ನೌಕಾಪಡೆಯಲ್ಲಿ ಸೈನಿಕರನ್ನು ದಡಕ್ಕಿಳಿಸುವ ನಾವೆಗಳ ಅಧಿಕಾರಿಯಾಗಿ, ನಾರ್ಮಂಡಿಯ ದಾಳಿಯಲ್ಲಿಯೂ ಇದ್ದು, ಪದಕ ಪಡೆದನು. ಅದು ಬೇರೆ ಕತೆ. 1950ರಲ್ಲಿ ಪೋರ್ಚುಗೀಸರ ಆರ್ಗಸ್ ಎಂಬ ಹಡಗಿನೊಡನೆ ಕಾಡ್ ಮೀನುಗಾರಿಕೆಗೆ ಉತ್ತರ ಅಟ್ಲಾಂಟಿಕ್ ಸಾಗರಕ್ಕೆ ಹೋಗಿ ಬಂದು, ಒಂಟಿ ದೋಣಿಗಳಲ್ಲಿ ಮಂಜಿನ ನಡುವೆ ಗಾಳ ಹಾಕುವ ಆ ಬೆಸ್ತರ ಮೇಲೂ ಒಂದು ಗ್ರಂಥ ಬರೆದನು.

ಆಮೇಲೆ ಬಂದುದು ಅವನ ವಿದ್ಯೆಗೆ ತಕ್ಕ ಪರೀಕ್ಷೆ. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವರನ್ನು ಹೊತ್ತ ಮೇಫ್ಲವರ್ ಹಡಗಿನ ಪ್ರತಿಕೃತಿಯೊಂದನ್ನು ಕಟ್ಟಿ ಅಟ್ಲಾಂಟಿಕ್ ದಾಟಿಸಬೇಕೆಂದು ವಾರ್ವಿಕ್ ಚಾರ್ಲ್‌ಟನ್ ಎಂಬವನು ಹೊರಟನು. ಮೂಲ ಹಡಗಿನ ನಕ್ಷೆ ಉಳಿದಿರಲಿಲ್ಲ. ವಿಲಿಯಂ ಬೇಕರ್ ಎಂಬ ಅಮೆರಿಕದ ನೌಕಾಶಿಲ್ಪಿಯು ಆ ಕಾಲದ ಗ್ರಂಥಗಳನ್ನು ಶೋಧಿಸಿ ನಕ್ಷೆ ರಚಿಸಿದನು; ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಊರಿನ ಅಪ್‌ಹ್ಯಾಮ್ ಕಾರ್ಖಾನೆಯಲ್ಲಿ ಓಕ್ ಮರದಿಂದ, ಹಳೆಯ ಕ್ರಮದಲ್ಲಿಯೇ ಅದನ್ನು ಕಟ್ಟಿದರು; ಹಾಯಿಗಳನ್ನು ಕೈಯಲ್ಲಿ ಹೊಲಿದರು. ಎಲ್ಲವೂ ಸಿದ್ಧವಾಯಿತು. ಆದರೆ ಹದಿನೇಳನೆಯ ಶತಮಾನದ ಹಡಗನ್ನು ನಡೆಸಬಲ್ಲವನಾರು? ಅಂತಹ ಹಡಗನ್ನು ಮುಟ್ಟಿದ ಮನುಷ್ಯನೇ ಭೂಮಿಯ ಮೇಲಿರಲಿಲ್ಲ. ವಿಲಿಯರ್ಸನನ್ನು ಕರೆದರು. ಅವನಿಗೂ ಅದು ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ಹಡಗನ್ನು ಕಲಿಯುವುದು ಹೇಗೆಂದು ಗೊತ್ತಿತ್ತು. 1957ರ ಏಪ್ರಿಲ್ 20ರಂದು ಹೊರಟು, ಗಾಳಿಯ ಅನುಕೂಲಕ್ಕಾಗಿ ದಕ್ಷಿಣದ ಬಳಸುದಾರಿ ಹಿಡಿದು, ತೊಟ್ಟಿಲಿನಂತೆ ಹೊರಳಾಡುವ ಆ ಹಡಗನ್ನು ಕೊನೆಯಲ್ಲಿ ಎದುರಾದ ಬಿರುಗಾಳಿಯಿಂದಲೂ ಪಾರುಮಾಡಿ, ಜೂನ್ 13ರಂದು ಅಮೆರಿಕದ ಪ್ಲಿಮತ್ತಿಗೆ ಮುಟ್ಟಿಸಿದನು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನರ ಪಾಮೀರ್ ಎಂಬ ಮಹಾ ಹಾಯಿಹಡಗು ಅಟ್ಲಾಂಟಿಕ್ ಸಾಗರದ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಇದ್ದವರು 86 ಮಂದಿ, ಬಹುಪಾಲು ತರಬೇತಿಯ ಹುಡುಗರು. ಬದುಕಿದವರು ಆರು ಮಂದಿ. ಹಿಂದೆ ಇದು ಆಸ್ಟ್ರೇಲಿಯದ ಗೋಧಿ ಹೊರುತ್ತಿದ್ದ ಹಡಗು. ಹಳೆಯ ಹಡಗನ್ನು ನಡೆಸುತ್ತಲೇ ಉಳಿಸಬೇಕೆಂಬ ವಾದಕ್ಕೆ ಇದಕ್ಕಿಂತ ಕಠಿನವಾದ ಪ್ರತಿವಾದ ಬೇಕಿಲ್ಲ. ದಡದ ಮೇಲೆ ನಿಲ್ಲಿಸಿದ ಹಡಗು ಯಾರನ್ನೂ ಕೊಲ್ಲುವುದಿಲ್ಲ. ಚಹದ ವ್ಯಾಪಾರದಲ್ಲಿ ಹೆಸರು ಮಾಡಿದ ಕಟಿ ಸಾರ್ಕ್ ಹಡಗನ್ನು ಲಂಡನ್ನಿನ ಗ್ರೀನಿಚ್ಚಿನಲ್ಲಿ ಒಣ ಗೋದಿಯಲ್ಲಿ ನಿಲ್ಲಿಸಿ ಜನರ ದರ್ಶನಕ್ಕೆ ತೆರೆದುದೂ ಇದೇ 1957ರಲ್ಲಿ. ಆ ಹಡಗಿನ ರಕ್ಷಣೆಯ ಸಂಘದಲ್ಲಿ ವಿಲಿಯರ್ಸನೂ ಇದ್ದನು. ಅವನು ಹಟಮಾರಿಯಲ್ಲ, ನಡೆಯಲಾರದ್ದು ನಿಂತಾದರೂ ಇರಲಿ ಎಂದು ಒಪ್ಪಿದ್ದವನು.

ಮರದ ಹಡಗನ್ನು ಉಳಿಸುವುದು ಎಷ್ಟು ಕಷ್ಟವೆಂದು ತಿಳಿಯಲು ಆ ಮೇಫ್ಲವರ್ ಪ್ರತಿಕೃತಿಯನ್ನೇ ನೋಡಬಹುದು. ಕಡಲಿನ ಉಪ್ಪು ಮರವನ್ನು ಕೊಲ್ಲುವುದಿಲ್ಲ, ಕಾಯುತ್ತದೆ. ಮೇಲಿನಿಂದ ಸೋರುವ ಮಳೆಯ ಸಿಹಿನೀರೇ ಒಳಗೊಳಗೆ ಕೊಳೆಸುತ್ತದೆ. ಅರುವತ್ತು ವರ್ಷ ತುಂಬುವಷ್ಟರಲ್ಲಿ ಅದರ ಮೈ ಜರ್ಜರಿತವಾಗಿತ್ತು. 2016ರಿಂದ 2020ರವರೆಗೆ ಅಮೆರಿಕದ ಮಿಸ್ಟಿಕ್ ಊರಿನ ನೌಕಾ ಸಂಗ್ರಹಾಲಯದ ಕಾರ್ಖಾನೆಯಲ್ಲಿ ಅದನ್ನು ಬಿಚ್ಚಿ, ನೂರಕ್ಕೆ ಸುಮಾರು ಎಪ್ಪತ್ತರಷ್ಟು ಮರವನ್ನು ಹೊಸದಾಗಿ ಹಾಕಿದರು. ಕೋಟಿಗೂ ಮಿಕ್ಕ ಡಾಲರು ಖರ್ಚಾಯಿತು. ಹೀಗೆ ಮರವೆಲ್ಲ ಬದಲಾದ ಮೇಲೆ ಅದು ಅದೇ ಹಡಗೆ ಎಂದು ತರ್ಕಪಂಡಿತರು ಕೇಳುತ್ತಾರೆ. ಬಡಗಿಗಳಿಗೆ ಆ ಪ್ರಶ್ನೆ ಏಳುವುದಿಲ್ಲ: ಹಳೆಯ ಹಲಗೆಯನ್ನು ಅಳೆದು, ಅದರ ಬಾಗನ್ನು ಹೊಸ ಹಲಗೆಗೆ ಕೊಡುವಷ್ಟು ಕಾಲ ಹಡಗು ಅದೇ.

ಮರ ಹಳತಾದರೂ ಮಾಗಿದ್ದರೆ ಎಷ್ಟು ಬಾಳುತ್ತದೆಂಬುದಕ್ಕೆ ಮುಂಬಯಿಯವರೇ ಹೆಮ್ಮೆಪಡಬಹುದಾದ ಒಂದು ನಿದರ್ಶನವಿದೆ. ಇಲ್ಲಿನ ಗೋದಿಯಲ್ಲಿ ಪಾರಸಿ ವಾಡಿಯಾ ಮನೆತನದ ಶಿಲ್ಪಿಗಳು ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಆ ಕಾಲದಲ್ಲಿ ಮಲಬಾರ್ ಮತ್ತು ಕೆನರಾ ಕಾಡುಗಳ ತೇಗವನ್ನು ಮುಂಬಯಿಯ ಗೋದಿಗೆ ಕಡಿದು ಸಾಗಿಸುತ್ತಿದ್ದರು. ಕಾಡಿನ ಲೆಕ್ಕ ಕೇಳಿದವರು ಆಗ ಇರಲಿಲ್ಲ.

ವಿಲಿಯರ್ಸನ ಹಡಗುಗಳು ಏನಾದವು? ಅವನು ಹುಡುಗನಾಗಿ ದುಡಿದ ಜೇಮ್ಸ್ ಕ್ರೇಗ್, ಟಾಸ್ಮೇನಿಯದ ಕೊಲ್ಲಿಯೊಂದರಲ್ಲಿ ಪಾಳುಬಿದ್ದು ತೂತಾಗಿ ಕುಳಿತಿತ್ತು. 1972ರಲ್ಲಿ ಉತ್ಸಾಹಿಗಳು ಅದನ್ನು ಮತ್ತೆ ತೇಲಿಸಿ, ಸಿಡ್ನಿಗೆ ತಂದು, ಹಲವು ದಶಕಗಳ ಶ್ರಮದಿಂದ ಜೀರ್ಣೋದ್ಧಾರ ಮಾಡಿದರು; ಈ ಶತಮಾನದ ಆರಂಭದಿಂದ ಅದು ಪುನಃ ಹಾಯಿ ಬಿಚ್ಚಿ ಕಡಲಿಗೆ ಹೋಗಿ ಬರುತ್ತಿದೆ. ಕುವೈತಿನಲ್ಲಿ 1938ರಲ್ಲಿ ಕಟ್ಟಿದ ಫತೇಹ್ ಅಲ್-ಖೈರ್ ಎಂಬ ಬೂಮ್ ಹಡಗನ್ನು ವಿಜ್ಞಾನ ಕೇಂದ್ರದ ಬಳಿ ಕಾಪಾಡಿ ಇಟ್ಟಿದ್ದಾರೆ. ನಾಖೋದಾ ನಜ್ದಿಯು 1979ರಲ್ಲಿ ಕಡಲಿನಲ್ಲಿಯೇ ತೀರಿಕೊಂಡನು. ವಿಲಿಯರ್ಸನ ಛಾಯಾಚಿತ್ರಗಳು ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿವೆ. ಅರಬ್ಬೀ ಕಡಲಿನ ಚಿತ್ರಗಳನ್ನು ಆರಿಸಿ 2006ರಲ್ಲಿ ಗ್ರಂಥವಾಗಿ ಹೊರತಂದಾಗ ಸಂಪಾದಕರಲ್ಲಿ ಒಬ್ಬರು ಕುವೈತಿನ ಇತಿಹಾಸಕಾರ ಯಾಕೂಬ್ ಅಲ್-ಹಿಜ್ಜಿ. ತಮ್ಮ ಅಜ್ಜಂದಿರ ಕೈಕೆಲಸವನ್ನು ಕುವೈತಿನವರು ಪರದೇಶಿಯೊಬ್ಬನ ಕ್ಯಾಮೆರಾದ ಕಣ್ಣಿನಲ್ಲಿ ನೋಡಬೇಕಾಯಿತು. ಆದರೂ ನೋಡಲು ಅದಾದರೂ ಇತ್ತು.

ಚಿತ್ರವಿಲ್ಲದಿದ್ದರೆ ಏನಾಗುತ್ತದೆಂಬುದು ನಮ್ಮ ಕಾರವಾರದಲ್ಲಿ ಕಾಣಬಂದಿತು. ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ಪ್ರಾಚೀನ ಕ್ರಮದಲ್ಲಿ ಹಡಗೊಂದನ್ನು ಗೋವೆಯಲ್ಲಿ ಕಟ್ಟಿಸಿ, 2025ರ ಮೇ ತಿಂಗಳಿನಲ್ಲಿ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿಸಿದರು. ಶಿಲ್ಪಿಗಳ ಮುಂದೆ ಇದ್ದ ಆಧಾರವೆಂದರೆ ಅಜಂತೆಯ ಗೋಡೆಯ ಮೇಲಿನ, ಐದನೆಯ ಶತಮಾನದ ಒಂದು ಹಡಗಿನ ಚಿತ್ರ. ಹಗ್ಗ ಎಲ್ಲಿ ಕಟ್ಟಬೇಕು, ಚುಕ್ಕಾಣಿ ಹೇಗೆ ತಿರುಗಬೇಕು ಎಂಬುದನ್ನು ಆ ಚಿತ್ರಕಾರನು ಪೂರ್ತಿ ಹೇಳಿರಲಿಲ್ಲ. ಹೊಲಿಗೆಯ ವಿದ್ಯೆ ಮಾತ್ರ ಕೇರಳದ ಕೆಲವು ಬಡಗಿಗಳ ಕೈಯಲ್ಲಿ ಇನ್ನೂ ಉಳಿದಿತ್ತು. ಅವರನ್ನು ಕರೆಸಿದರು.

ಜೋಸೆಫ್ ಕಾನ್ರಾಡ್ ಹಡಗು 1947ರಿಂದ ಅದೇ ಮಿಸ್ಟಿಕ್ ಊರಿನ ಸಂಗ್ರಹಾಲಯದ ದಡದಲ್ಲಿ ಕಟ್ಟಿಹಾಕಲ್ಪಟ್ಟಿದೆ. ಮೇಫ್ಲವರ್ ದುರಸ್ತಿಗೆಂದು ಅಲ್ಲಿಗೆ ಬಂದಾಗ ವಿಲಿಯರ್ಸನು ನಡೆಸಿದ ಎರಡು ಹಡಗುಗಳು ನಾಲ್ಕು ವರ್ಷ ಒಂದೇ ನೀರಿನಲ್ಲಿ, ಒಂದೇ ಕಾರ್ಖಾನೆಯ ಸುತ್ತಿಗೆಯ ಸದ್ದು ಕೇಳುತ್ತ ಇದ್ದವು. 2020ರ ಆಗಸ್ಟಿನಲ್ಲಿ ಮೇಫ್ಲವರ್ ಪ್ಲಿಮತ್ತಿಗೆ ಮರಳಿತು. ಕಾನ್ರಾಡ್ ಅಲ್ಲಿಯೇ ಇದೆ. ಅದು ಸಂಗ್ರಹಾಲಯದಲ್ಲಿ ನೆಲೆಸಿದ ಮೇಲೆ ನಾವಿಕವಿದ್ಯೆ ಕಲಿಯಲು ಬೇಸಗೆಗೆ ಬರುವ ಮಕ್ಕಳು ರಾತ್ರಿ ಅದರ ಒಳಗೆ ಮಲಗಿ, ಬೆಳಗ್ಗೆ ಎದ್ದು ಅದರ ಕಟ್ಟೆಯನ್ನು ತೊಳೆಯುವ ಪದ್ಧತಿಯೂ ಬೆಳೆದು ಬಂದಿತು.